ಜಡ್ಜಮ್ಮ ಎತ್ತಿಕೊಂಡ ಚರಣ

ಮನೆ ಮಾಲೀಕನ ವಕೀಲರು ಪತ್ರಿಕೆಯನ್ನು ಫೋಟೋ ಮೇಲೆ ಬರುವಂತೆ ಮಡಿಸಿ ಗುಮಾಸ್ತನ ಕೈಗೆ ಕೊಟ್ಟರು. ಗುಮಾಸ್ತ ಅದನ್ನು ಮೇಲಕ್ಕೆ ದಾಟಿಸಿದ. ಜಡ್ಜಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. ಫೋಟೋದಲ್ಲಿ ಅವರೇ ಬಾಯಿ ಅಗಲಿಸಿ ಹಾಡುತ್ತಿದ್ದರು. ಪಕ್ಕದಲ್ಲಿ ತಾಳ ಹಾಕುತ್ತಿದ್ದ ಹಾಡಿನ ಟೀಚರು ಈಗ ಕೋರ್ಟ್ ಹಾಲಿನ ಕೊನೆಯಲ್ಲಿ, ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದರು.

"ಪ್ರತಿವಾದಿಯ ಮನೆಗೆ ತಾವು ಭಾನುವಾರ ಭಾನುವಾರ ಹೋಗ್ತೀರಂತೆ. ಕೇಳಲೇಬೇಕಾಗಿದೆ, ತಪ್ಪು ತಿಳೀಬಾರದು," ಎಂದರು ವಕೀಲರು, ಸಾಧ್ಯವಾದಷ್ಟು ಮೆತ್ತಗೆ.

ಟೀಚರ ತಮ್ಮ ಪತ್ರಕರ್ತರ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ. ಸುದ್ದಿ ಬರೆದವನು ಅವನೇ. ಊರಿನ ಸಣ್ಣ ಪತ್ರಿಕೆಗೆ ಕೋರ್ಟಿನ ವರದಿ ಬರೆಯುತ್ತಲೇ ಅವನ ಕೂದಲು ನೆರೆತಿತ್ತು. ಯಾರಿಗೆ ಜಾಮೀನು ಸಿಕ್ಕಿತು, ಯಾರ ವಿಚ್ಛೇದನ ಎಲ್ಲಿಗೆ ಬಂತು, ಎಲ್ಲ ನಾಲಿಗೆಯ ತುದಿಯಲ್ಲಿರುತ್ತಿತ್ತು. ಆಸ್ಪತ್ರೆಯ ರೋಗಿಗಳೆದುರು ಹಾಡಲು ಜಡ್ಜಮ್ಮ ಬಡಾವಣೆಯವರ ಜೊತೆ ತಾಲೀಮು ಮಾಡುತ್ತಿದ್ದಾರೆಂದು ಹೆಮ್ಮೆಯಿಂದ ಬರೆದಿದ್ದ. ಹಳೆಯ ನ್ಯಾಯಾಧೀಶರಿಗೆ ವರ್ಗವಾಗಿ, ಅಕ್ಕನ ಮನೆ ಖಾಲಿ ಮಾಡಿಸುವ ಕೇಸು ಇದೇ ಜಡ್ಜಮ್ಮನ ಮುಂದೆ ಬಂದಿದೆ ಎಂಬುದೊಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಟೀಚರಿಗೆ ಗೊತ್ತಿತ್ತು. ಅವರ ವಕೀಲರು ಹಿಂದಿನ ವಾರವೇ ತಿಳಿಸಿದ್ದರು. ಆದರೂ ಭಾನುವಾರ ಎಂದಿನಂತೆ ಹಾಡು ಹೇಳಿಕೊಟ್ಟರು, ಕೇಸಿನ ಸೊಲ್ಲೆತ್ತಲಿಲ್ಲ. ಜಡ್ಜಮ್ಮನ ಪಾಲಿಗೆ ಅವರು ಬರೀ ಟೀಚರಕ್ಕ. ಕಡತದಲ್ಲಿದ್ದ ಉದ್ದನೆಯ ಹೆಸರು ಅವರದೇ ಎಂದು ಹೊಳೆಯುವುದಾದರೂ ಹೇಗೆ?

ಜಡ್ಜಮ್ಮ ಪತ್ರಿಕೆಯನ್ನು ಪಕ್ಕಕ್ಕಿಟ್ಟರು.

"ಇವರು ನನಗೆ ಹಾಡು ಹೇಳಿಕೊಡ್ತಾರೆ. ಶ್ರುತಿ ತಪ್ಪಿದರೆ ಎಲ್ಲರ ಎದುರಿಗೇ ಬೈತಾರೆ. ಈ ಊರಲ್ಲಿ ನನ್ನನ್ನ ಬೈಯೋರು ಇವರೊಬ್ಬರೇ. ಇವರನ್ನ ಕಂಡರೆ ನನಗೆ ಪ್ರೀತಿ. ಹಾಗಾಗಿ ಈ ಕೇಸು ನಾನು ನಡೆಸೋ ಹಾಗಿಲ್ಲ, ಬೇರೆ ಕೋರ್ಟಿಗೆ ಹೋಗಲಿ."

ಹಾಲಿನಲ್ಲಿ ಸಣ್ಣ ನಗು ಎದ್ದಿತು. ಜಡ್ಜಮ್ಮ ಮಾತ್ರ ನಗಲಿಲ್ಲ. "ಇದನ್ನ ಪತ್ರಿಕೆ ನೋಡಿ ತಿಳ್ಕೊಳ್ಳೋ ಪರಿಸ್ಥಿತಿ ನನಗೆ ಬರಬಾರದಿತ್ತು," ಎಂದು ಮುಂದಿನ ಕಡತ ತೆಗೆದರು. ಟೀಚರು ನಿಂತಿದ್ದ ಕಡೆ ಕಣ್ಣು ಹಾಯಿಸಲೂ ಇಲ್ಲ.

ಸಂಜೆ ಅಕ್ಕನ ಅಡುಗೆಮನೆಯಲ್ಲಿ ತಮ್ಮ ಗೋಡೆಗೊರಗಿ ನಿಂತ. "ಆ ಇನ್ನೊಂದು ಕೋರ್ಟಿನ ನ್ಯಾಯಾಧೀಶರು ಬಲು ಬಿಗಿ ಮನುಷ್ಯ. ನನ್ನ ಹಾಳು ಸುದ್ದಿಯಿಂದ ನಿನ್ನ ಮನೆ ಹೋಗುತ್ತೇನೋ ಅಕ್ಕ."

"ಮನೆ ಹೋದ್ರೆ ಇನ್ನೊಂದು ಸಿಗುತ್ತೆ ಕಣೋ. ಕೇಸಿಗೋಸ್ಕರ ಸ್ನೇಹ ಮಾಡಿದ್ಲು ಅಂತ ಜಡ್ಜಮ್ಮ ತಿಳ್ಕೊಂಡ್ರೆ ಏನು ಮಾಡ್ಲಿ?"

"ಮೊದಲೇ ಒಂದು ಮಾತು ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ವಶೀಲಿ ಮಾಡಿದ ಹಾಗೆ, ಹೇಳದಿದ್ರೆ ಮುಚ್ಚಿಟ್ಟ ಹಾಗೆ. ಅತ್ತ ದರಿ, ಇತ್ತ ಪುಲಿ." ಟೀಚರು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದರು.

"ನಾಳೆಗೆ ಏನಂತ ಬರೀಲಿ?"

"ನಡೆದದ್ದನ್ನ ಬರಿ. ಬೈಯೋದನ್ನೂ ಬಿಡಬೇಡ."

ಅವನು ಬರೆದ. ಮಾರನೆಯ ದಿನದಿಂದ ಊರಿನವರಿಗೆ ಅದೇ ಮಾತು. "ಜಡ್ಜಮ್ಮನಿಗೇ ಗದರಿಸ್ತೀರಂತೆ, ಇನ್ಮೇಲೆ ನಿಮಗೆ ನಿನ್ನೆಯ ಬ್ರೆಡ್ ಕೊಡೋಕೆ ನನಗೆ ಧೈರ್ಯ ಇಲ್ಲ," ಎಂದು ಬೇಕರಿಯವನು ಚುಡಾಯಿಸಿದ. ಟೀಚರು ನಕ್ಕರು. ಮನೆ ಸೇರುವ ಹೊತ್ತಿಗೆ ಆ ನಗು ಎಲ್ಲಿ ಹೋಗುತ್ತಿತ್ತೋ.

ಭಾನುವಾರ ಮುಂದಿನ ಕೋಣೆಯ ಕುರ್ಚಿಗಳೆಲ್ಲ ಗೋಡೆಗೆ ಸರಿದವು. ಔಷಧಿ ಅಂಗಡಿಯವರು ಬಂದರು, ನಿವೃತ್ತ ಬಸ್ ಡ್ರೈವರ್ ಬಂದರು, ಉಳಿದವರೂ ಒಬ್ಬೊಬ್ಬರಾಗಿ ಬಂದು ನಿಂತರು. ಎರಡನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಉಳಿಯಿತು. ಯಾರೂ ಅತ್ತ ಸರಿಯಲಿಲ್ಲ. ಟೀಚರು ಪಲ್ಲವಿ ಹಾಡಿಸಿದರು, ಮೊದಲ ಚರಣ ಹಾಡಿಸಿದರು. ಡ್ರೈವರ್ ತಾಳ ತಪ್ಪಿದ್ದೂ ಅವರ ಕಿವಿಗೆ ಬೀಳಲಿಲ್ಲ.

ಅಷ್ಟರಲ್ಲಿ ಜಡ್ಜಮ್ಮ ಬಾಗಿಲಲ್ಲಿ ಕಾಣಿಸಿಕೊಂಡರು. ನಡೆದೇ ಬಂದಿರಬೇಕು, ಮುಖ ಬಿಸಿಲಿಗೆ ಕೆಂಪಾಗಿತ್ತು. ಹಾಡು ತಾನಾಗಿ ನಿಂತಿತು.

"ಯಾಕೆ ಹೇಳ್ಲಿಲ್ಲ ಟೀಚರಕ್ಕ?"

ತಮ್ಮನ ಮುಂದೆ ಹೇಳಿದ್ದ ದರಿ, ಪುಲಿ ಯಾವುದೂ ಟೀಚರ ನೆನಪಿಗೆ ಬರಲಿಲ್ಲ. "ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ ಹೆದರಿಕೆ ಆಯ್ತು," ಎಂದುಬಿಟ್ಟರು.

ಜಡ್ಜಮ್ಮ ಅವರನ್ನೇ ಸ್ವಲ್ಪ ಹೊತ್ತು ನೋಡಿದರು. ಸಾಕ್ಷಿ ಕಟ್ಟೆಯಲ್ಲಿ ನಿಂತವರನ್ನು ನೋಡುವುದೂ ಹೀಗೆಯೇ ಇರಬೇಕು ಎಂದು ಔಷಧಿ ಅಂಗಡಿಯವರಿಗೆ ಅನ್ನಿಸಿತು.

"ಕೇಸು ಮುಗಿಯೋ ತನಕ ಅದರ ಮಾತು ಇಲ್ಲಿ ಬೇಡ. ಆಯ್ತಾ?"

"ಆಯ್ತು."

"ಹಾಡು ಎಲ್ಲಿಗೆ ಬಂತು?"

"ಎರಡನೇ ಚರಣ."

ಜಡ್ಜಮ್ಮ ಕಿಟಕಿಯ ಪಕ್ಕ ಹೋಗಿ ನಿಂತರು. ಶ್ರುತಿ ಕೊಡಲು ಟೀಚರು ಬಾಯಿ ತೆರೆದರು. ದನಿ ಹೊರಡಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದರು, ಆಗಲೂ ಇಲ್ಲ. ಕೊನೆಗೆ ಜಡ್ಜಮ್ಮನೇ ಚರಣವನ್ನು ಎತ್ತಿಕೊಂಡರು, ಇರಬೇಕಾದ್ದಕ್ಕಿಂತ ಬಹಳ ಮೇಲಿನ ಶ್ರುತಿಯಲ್ಲಿ. ಡ್ರೈವರ್ ಗಾಬರಿಯಿಂದ ಟೀಚರ ಮುಖ ನೋಡಿದರು. ಟೀಚರು ತಡೆಯಲಿಲ್ಲ, ತಾಳಕ್ಕೆ ಕೈಯೆತ್ತಿದರು. ಒಬ್ಬೊಬ್ಬರಾಗಿ ಎಲ್ಲರೂ ಕತ್ತು ಚಾಚಿ, ನಿಲುಕದ ಆ ಶ್ರುತಿಗೇ ದನಿ ಸೇರಿಸತೊಡಗಿದರು.