ಮೇಷ್ಟ್ರ ಐದು ವರ್ಷದ ಪ್ಲಾನು

ಆ ಮೆಕ್ಯಾನಿಕ್‌ನ ಶೆಡ್ಡಿಗೆ ಮೇಷ್ಟ್ರು ಇಪ್ಪತ್ತೆರಡು ವರ್ಷ ಬಂದರು. ಮೊದಲು ಸ್ಕೂಟರು, ಆಮೇಲೆ ಹಳೆಯದೊಂದು ಕಾರು. ಗಾಡಿಗೆ ಕಾಯಿಲೆ ಇರಲಿ ಬಿಡಲಿ, ಶನಿವಾರ ಬೆಳಿಗ್ಗೆ ಅವರು ಹಾಜರ್. ಇವನು ಕಾರಿನಡಿ ಮಲಗಿ ನಟ್ಟು ಬಿಗಿಯುತ್ತಿದ್ದರೆ ಅವರು ಸ್ಟೂಲಿನ ಮೇಲೆ ಕೂತು ಪೇಪರ್ ಓದಿ ಹೇಳುತ್ತಿದ್ದರು. ಮೆಕ್ಯಾನಿಕ್‌ಗೆ ಓದು ಅಷ್ಟಕ್ಕಷ್ಟೇ. ಲೋಕದ ಸುದ್ದಿಯೆಲ್ಲ ಅವನ ಕಿವಿಗೆ ಬಿದ್ದದ್ದು ಹಾಗೆಯೇ.

ನಿವೃತ್ತಿಯಾದ ವರ್ಷ ಮೇಷ್ಟ್ರು ಹೊಸ ಕಾರು ಕೊಂಡು ನೇರ ಶೆಡ್ಡಿಗೇ ತಂದರು. ಮೆಕ್ಯಾನಿಕ್ ಕೈ ಒರೆಸಿಕೊಂಡು ಬಾನೆಟ್ ಎತ್ತಲು ಹೋದ.

"ತಡಿಯಯ್ಯ, ಮುಟ್ಟಬೇಡ. ಕಂಪನಿಯವರದೇ ಐದು ವರ್ಷದ ಸರ್ವಿಸ್ ಪ್ಲಾನ್ ತಗೊಂಡಿದೀನಿ. ಹೊರಗಿನವರು ಕೈ ಹಾಕಿದ್ರೆ ರದ್ದಾಗುತ್ತಂತೆ."

"ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ ಮೇಷ್ಟ್ರೇ."

"ವಯಸ್ಸಾಯ್ತಲ್ಲ. ನಡುದಾರೀಲಿ ಕೆಟ್ಟು ನಿಂತ್ರೆ ಏನು ಮಾಡಲಿ?"

"ಯಾಕೆ, ನಾನು ಸತ್ತಿದ್ನಾ?" ಮೆಕ್ಯಾನಿಕ್ ಸ್ಪ್ಯಾನರನ್ನು ನೆಲಕ್ಕೆಸೆದ. "ನನ್ನಂಥ ಹೊರಗಿನವನ ಹತ್ರ ನಿಮಗೇನು ಕೆಲಸ? ಇನ್ನು ಈ ಕಡೆ ತಲೆ ಹಾಕಬೇಡಿ."

ಮೇಷ್ಟ್ರು ಕಾರು ಹತ್ತಿ ಹೊರಟುಹೋದರು. ಮುಂದಿನ ಶನಿವಾರ ಬಂದೇ ಬರುತ್ತಾರೆಂದು ಇವನು ಲೆಕ್ಕ ಹಾಕಿದ್ದ. ಬರಲಿಲ್ಲ. ಒಮ್ಮೆ ಸಿಗ್ನಲ್ಲಿನಲ್ಲಿ ಎದುರಾದಾಗ ಮೇಷ್ಟ್ರು ಕೈ ಎತ್ತಿದರು. ಇವನು ಕಂಡೂ ಕಾಣದವನಂತೆ ಮುಖ ತಿರುಗಿಸಿದ.

ನಾಲ್ಕೂವರೆ ವರ್ಷದ ಮೇಲೆ ಅದೇ ಕಾರು ಶೆಡ್ಡಿನ ಮುಂದೆ ನಿಂತಿತು. ಇಳಿದವಳು ಮೇಷ್ಟ್ರ ಮಗಳು.

"ಅಪ್ಪ ಹೋಗಿ ಎರಡು ತಿಂಗಳಾಯ್ತು ಮಾಮ."

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. "ನನಗ್ಯಾರೂ ಹೇಳ್ಲೇ ಇಲ್ವಲ್ಲಮ್ಮ."

"ಮೂರು ದಿನ ಆಸ್ಪತ್ರೇಲಿದ್ರು. ನಿಮಗೆ ಹೇಳಿ ಕಳಿಸಲಾ ಅಂತ ಕೇಳ್ದೆ. ಬೇಡ, ಅವನಿಗಿನ್ನೂ ಕೋಪ ಇರುತ್ತೆ ಅಂದ್ರು."

ಅವಳು ಸರ್ವಿಸ್ ಕಾಗದಗಳಿದ್ದ ಒಂದು ಫೈಲು ಚಾಚಿದಳು. ಪ್ಲಾನನ್ನು ಇನ್ನೆರಡು ವರ್ಷ ಮುಂದುವರಿಸುತ್ತೀರಾ ಎಂದು ಕಂಪನಿಯವರು ಬೆನ್ನು ಹತ್ತಿದ್ದರಂತೆ. "ನನಗೆ ಇದರ ತಲೆಬುಡ ತಿಳಿಯಲ್ಲ. ನೀವು ಹೇಳಿದ ಹಾಗೆ ಮಾಡ್ತೀನಿ."

ಅವನು ಒಂದೊಂದೇ ಹಾಳೆ ತಿರುವಿದ. ಎಲ್ಲಾದರೂ ಮೋಸ ಸಿಕ್ಕೀತು ಎಂದು ಅಕ್ಷರ ಕೂಡಿಸಿಕೊಂಡು ಹುಡುಕಿದ. ಗೇರ್‌ಬಾಕ್ಸ್ ಬದಲಾಗಿತ್ತು. ಏಸಿಯ ಕಂಪ್ರೆಸರ್ ಹೊಸದು ಹಾಕಿದ್ದರು. ಎರಡಕ್ಕೂ ಬೇರೆ ದುಡ್ಡು ಕೇಳಿರಲಿಲ್ಲ. ಒಮ್ಮೆ ಊರಾಚೆ ಕೆಟ್ಟು ನಿಂತಾಗ ಗಾಡಿಯನ್ನೂ ಮೇಷ್ಟ್ರನ್ನೂ ಮನೆ ಬಾಗಿಲಿಗೆ ತಂದು ಬಿಟ್ಟಿದ್ದರು. ಇದರಲ್ಲಿ ಅರ್ಧ ಕೆಲಸ ತನ್ನ ಶೆಡ್ಡಿನಲ್ಲಿ ಆಗುತ್ತಲೇ ಇರಲಿಲ್ಲ.

"ಮುಂದುವರಿಸಮ್ಮ," ಎಂದ. "ಈ ಕಾರಿಗೆ ಇದು ಬೇಕು. ಮೇಷ್ಟ್ರು ಮಾಡಿದ್ದು ಸರಿಯಾಗೇ ಇತ್ತು."

ಅವಳು ಫೈಲು ತೆಗೆದುಕೊಂಡಳು. "ಇನ್ನೆಂಟು ತಿಂಗಳಿಗೆ ಪ್ಲಾನ್ ಮುಗಿಯುತ್ತೆ, ಆಮೇಲೆ ಗಾಡೀನ ಅವನ ಹತ್ರಾನೇ ಬಿಡ್ತೀನಿ ಅಂತಿದ್ರು ಅಪ್ಪ. ದಿನ ಎಣಿಸ್ತಿದ್ರು."

"ಗಾಡಿ ಬಿಡದಿದ್ರೇನು, ಸುಮ್ಮನೆ ಬಂದು ಕೂರಬಹುದಿತ್ತಲ್ಲಮ್ಮ," ಎಂದ ಅವನು.

"ಬರಬೇಡಿ ಅಂದಿದ್ರಂತಲ್ಲ ಮಾಮ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೇ ವಾಸಿ ಎನಿಸಿತು ಅವನಿಗೆ. ರಸ್ತೆಗೆ ಇಳಿದು, ಎರಡೂ ಕಡೆಯ ವಾಹನಗಳನ್ನು ತಡೆದು, ಅವಳು ಕಾರು ಹಿಂದಕ್ಕೆ ತೆಗೆದುಕೊಳ್ಳುವವರೆಗೂ ಕೈ ಚಾಚಿ ನಿಂತ. ಆ ಮಧ್ಯಾಹ್ನ ಬಂದ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಎಂದು ವಾಪಸ್ ಕಳಿಸಿದ.