ಮೆಟ್ಟಿಲ ತಿರುವಿನಲ್ಲಿ ಥೀಟಾ ಮೇಷ್ಟ್ರು

"ಸ್ವಲ್ಪ ಎತ್ತಿ... ಅಯ್ಯೋ, ಇಳಿಸಿ, ಇಳಿಸಿ!"

ಮೆಟ್ಟಿಲು ತಿರುಗುವ ಮೂಲೆಯಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತು. ಒಂದು ತುದಿ ಗೋಡೆಗೆ, ಇನ್ನೊಂದು ಕಂಬಿಗೆ. ಹೊತ್ತವರು ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

"ಥೀಟಾ ಮೇಷ್ಟ್ರೇ ಇದ್ದಿದ್ರೆ ಕೋನ ಲೆಕ್ಕ ಹಾಕಿ ದಾರಿ ಹೇಳೋರು," ಎಂದ ಕೆಳಮನೆಯ ದರ್ಜಿ. ಯಾರೋ ಕಿಸಕ್ಕನೆ ನಕ್ಕು, ಮೇಲೆ ನಿಂತಿದ್ದ ಮೇಷ್ಟ್ರ ತಂಗಿಯನ್ನು ಕಂಡು ತಲೆ ತಗ್ಗಿಸಿದರು.

ಆಕೆಗೆ ಸಿಟ್ಟು ಬರಲಿಲ್ಲ. ಜೀವಮಾನವೆಲ್ಲ ತ್ರಿಕೋನಮಿತಿ ಕಲಿಸಿದ ಅಣ್ಣನಿಗೆ ಮಕ್ಕಳಿಟ್ಟ ಹೆಸರು ಅದು. ಅದನ್ನು ಕೇಳಿದರೆ ಅವನೂ ನಗುತ್ತಿದ್ದ.

*

ತಲೆಯ ಆಪರೇಷನ್ ಆದಮೇಲೆ ಅಣ್ಣನಿಗೆ ಮಾತು ಉಳಿದಿತ್ತು, ಲೆಕ್ಕ ಉಳಿದಿರಲಿಲ್ಲ. ಮನೆಪಾಠಕ್ಕೆ ಬರುತ್ತಿದ್ದವರು ಒಬ್ಬೊಬ್ಬರಾಗಿ ಬಿಟ್ಟರು. ಕೊನೆಗೆ ಉಳಿದವಳು ದರ್ಜಿಯ ಮಗಳು.

"ಪರೀಕ್ಷೆ ಹತ್ರ ಬಂತಮ್ಮ, ತಪ್ಪು ತಿಳ್ಕೋಬೇಡಿ," ಎಂದು ದರ್ಜಿ ಬಾಗಿಲಲ್ಲೇ ನಿಂತು ಹೇಳಿ, ಮಗಳನ್ನು ಕರೆದುಕೊಂಡು ಹೋದ.

ಅಂದು ಮಧ್ಯಾಹ್ನ ಅಣ್ಣ ಒಬ್ಬನೇ ಕರಿಹಲಗೆಯ ಮುಂದೆ ನಿಂತ. ಹೈಸ್ಕೂಲು ಮಕ್ಕಳಿಗೂ ಬರುವ ನಿತ್ಯಸಮೀಕರಣ: ಸೈನ್ ವರ್ಗ, ಕಾಸ್ ವರ್ಗ, ಕೂಡಿದರೆ ಒಂದು. ಅದನ್ನು ಹಿಡಿದು ಎಡಭಾಗದಿಂದ ಹೊರಟ. ಬರೆದ, ಒರೆಸಿದ, ಮತ್ತೆ ಬರೆದ. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಂತ. ಬೆವರು ಇಳಿಯುತ್ತಿತ್ತು.

"ಪುಟ್ಟೀ, ನೋಡೇ. ಎರಡೂ ಕಡೆ ಒಂದೇ ಆಯ್ತಾ?"

ಅವನ ಓದಿಗಾಗಿಯೇ ಶಾಲೆ ಬಿಟ್ಟು ಒಲೆ ಹಿಡಿದವಳು ಆಕೆ. ಹಲಗೆಯ ಮೇಲಿನ ಒಂದಕ್ಷರವೂ ತಿಳಿಯದು. ಅವನ ಮುಖ ಮಾತ್ರ ತಿಳಿಯುತ್ತಿತ್ತು.

"ಆಯ್ತಣ್ಣ. ಸರಿಯಾಗಿದೆ."

ಅಣ್ಣ ಸೀಮೆಸುಣ್ಣ ಕೆಳಗಿಟ್ಟ.

"ನೀನೂ ನನ್ನ ಸಮಾಧಾನಕ್ಕೆ ಹೀಗಂದ್ರೆ ನಾನು ಇನ್ಯಾರನ್ನ ಕೇಳ್ಲಿ?"

ಮರುದಿನದಿಂದ ಸೀಮೆಸುಣ್ಣ ಮುಟ್ಟಲಿಲ್ಲ. ಆಮೇಲೆ ಅನ್ನವನ್ನೂ ದೂಡತೊಡಗಿದ. ಬಾಯಿಗಿಟ್ಟ ತುತ್ತು ಹಾಗೇ ಉಳಿಯುತ್ತಿತ್ತು.

*

"ಪೆಟ್ಟಿಗೇನ ನೆಟ್ಟಗೆ ನಿಲ್ಲಿಸಿ ಇಳಿಸೋಣ್ವಾ?" ಎಂದ ದರ್ಜಿ.

"ಬೇಡಪ್ಪಾ. ಒಳಗೆ ಅಣ್ಣ ಜಾರಿಬಿಡ್ತಾನೆ."

"ಹಾಗಾದ್ರೆ ಬಾಲ್ಕನಿಯಿಂದ ಹಗ್ಗ ಕಟ್ಟಿ ಬಿಡ್ಬೇಕು. ಬೇರೆ ದಾರಿಯಿಲ್ಲಮ್ಮ."

ಆಕೆ ಹೂಂ ಎಂದಳು.

ಪೆಟ್ಟಿಗೆಯನ್ನು ಮತ್ತೆ ಮೇಲೆ ತಂದರು. ಬಾಲ್ಕನಿಯ ಕಂಬಿ ದಾಟಿಸಿ ಹಗ್ಗದಲ್ಲಿ ಮೆಲ್ಲಗೆ ಇಳಿಬಿಟ್ಟರು. ರಸ್ತೆಯಲ್ಲಿ ನಿಂತವರು ಕೈ ಮೇಲೆತ್ತಿದರು. ಯಾರಿಗೂ ಎಟುಕಲಿಲ್ಲ. ಅರ್ಧದಾರಿಯಲ್ಲಿ ಹಗ್ಗ ತಿರುಚಿಕೊಂಡು, ಪೆಟ್ಟಿಗೆ ಗಾಳಿಯಲ್ಲಿ ಒಂದು ಕಡೆಗೆ ವಾಲಿ ನಿಧಾನವಾಗಿ ತಿರುಗತೊಡಗಿತು, ತಲೆಯ ಕಡೆ ಯಾವುದು, ಕಾಲಿನ ಕಡೆ ಯಾವುದು ಎಂದು ಮೇಲಿದ್ದ ಆಕೆಗೆ ಗುರುತು ಸಿಗದಂತೆ.