ಬೊಗಳಿದ್ದಕ್ಕೆ ಸಿಕ್ಕ ರೊಟ್ಟಿ

ಬಿಷ್ಕೆಕ್‌ನ ಆ ಹಳೆಯ ಕಟ್ಟಡದಲ್ಲಿ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸಪ್ಪಳವಾದರೂ ಮೊದಲು ತಿಳಿಯುತ್ತಿದ್ದುದು ಮೊಂಚೊಕ್‌ಗೆ. ಮೊಂಚೊಕ್ ಎಂದರೆ ಮಣಿ. ಹೆಸರಿಗೆ ತಕ್ಕ ಹಾಗೆ ಮಡಿಲಲ್ಲಿ ಹಿಡಿಸುವಷ್ಟೇ ಇದ್ದ ಬಿಳಿ ನಾಯಿ; ದನಿ ಮಾತ್ರ ಕುರಿಮಂದೆ ಕಾಯುವ ನಾಯಿಯದು. ಬಂದವರು ಒಳಗೆ ಕೂತು ಚಹಾ ಮುಗಿಸುವವರೆಗೂ ಬೊಗಳು ನಿಲ್ಲುತ್ತಿರಲಿಲ್ಲ.

ಅದರ ಒಡತಿ ಬುರುಲ್ಸುನ್ ಮನೆಯಲ್ಲೇ ಬಟ್ಟೆ ಹೊಲಿಯುವವಳು. ದಿನವಿಡೀ ಗಿರಾಕಿಗಳು ಬಂದು ಹೋಗುತ್ತಿದ್ದರು. ಗಂಡ ಜಪಾರ್ ಲಾರಿ ಓಡಿಸುತ್ತಿದ್ದ. ಮನೆಯಲ್ಲಿದ್ದದ್ದಕ್ಕಿಂತ ರಸ್ತೆಯಲ್ಲಿದ್ದದ್ದೇ ಹೆಚ್ಚು. ಮೊಂಚೊಕ್ ಬೊಗಳುವುದು ಬುರುಲ್ಸುನ್‌ಗೆ ಒಳಗೊಳಗೇ ಸ್ವಲ್ಪ ಇಷ್ಟವಾಗಿತ್ತು. ಆ ಮನೆಯಲ್ಲಿ ಅನ್ನಿಸಿದ್ದನ್ನು ಅನ್ನಿಸಿದ ಕೂಡಲೇ ಹೇಳುವ ಜೀವ ಅದೊಂದೇ.

ಆದರೆ ಕೆಳಗಿನ ಮನೆಯ ಹಿರಿಯಳು, ಎಲ್ಲರೂ ಅಪಾ ಎಂದು ಕರೆಯುವ ತೊತುಯಾ ಅಪಾಗೆ ಮೊಮ್ಮಗು ಹುಟ್ಟಿತ್ತು. ಮಗು ಕಣ್ಣು ಮುಚ್ಚಿತು ಅನ್ನುವಾಗಲೇ ಮೇಲಿನಿಂದ ಬೊಗಳು. ಅಪಾ ಬಾಗಿಲಿಗೆ ಬಂದು ಜಗಳವಾಡಿದಳು. ಬುರುಲ್ಸುನ್ ತಲೆತಗ್ಗಿಸಿ ರೊಟ್ಟಿಯ ತಟ್ಟೆ ಚಾಚಿದಳು. ಅಲ್ಲಿನ ಪದ್ಧತಿಯಂತೆ ಹೊಸ್ತಿಲಿಗೆ ಬಂದವರು, ಸಿಟ್ಟಿನಲ್ಲಿ ಬಂದಿದ್ದರೂ, ರೊಟ್ಟಿ ಬಾಯಿಗೆ ಸೋಕಿಸದೆ ಹೋಗುವಂತಿಲ್ಲ. ಅಪಾ ಬೈಯುತ್ತಲೇ ಒಂದು ಚೂರು ಮುರಿದುಕೊಂಡಳು. ಕಾಲಬುಡದಲ್ಲಿ ಬೊಗಳುತ್ತಿದ್ದ ಮೊಂಚೊಕ್‌ಗೂ, ಸುಮ್ಮನಿರಲಿ ಎಂದು, ಬುರುಲ್ಸುನ್ ಒಂದು ಚೂರು ಹಾಕಿದಳು.

ವಿಷಯ ಜಪಾರ್‌ಗೆ ಮುಟ್ಟಿತು. ಮುಂದಿನ ಸಲ ಬೆಟ್ಟದ ಹುಲ್ಲುಗಾವಲಿನ ಕಡೆ ಹೋಗುವಾಗ ನಾಯಿಯನ್ನು ತಮ್ಮನ ಹತ್ತಿರ ಬಿಟ್ಟುಬರುತ್ತೇನೆ ಎಂದ. "ಅಲ್ಲಿ ಎಷ್ಟು ಬೇಕಾದ್ರೂ ಬೊಗಳ್ಕೊಳ್ಳಲಿ, ಕೇಳೋರಿಲ್ಲ." ತೋಳಗಳಿಗೆ ಎದುರು ನಿಲ್ಲುವ ಅಲ್ಲಿನ ನಾಯಿಗಳನ್ನು ಬುರುಲ್ಸುನ್ ನೋಡಿದ್ದಳು. ಅವುಗಳ ನಡುವೆ ಮೊಂಚೊಕ್ ಒಂದು ವಾರ ಉಳಿದರೆ ಹೆಚ್ಚು.

ಅವಳು ಗದರಿದಳು, ಚಪ್ಪಲಿ ತೋರಿಸಿದಳು, ನೀರು ಎರಚಿದಳು. ಬೊಗಳು ಇನ್ನೂ ಜೋರಾಯಿತು.

ಆಗ ಪಶುವೈದ್ಯೆ ಕನೀಶಾಯ್, ತನ್ನ ತಂಗಿಯ ಮದುವೆಗೆಂದು ಹೊಲಿಯಲು ಕೊಟ್ಟಿದ್ದ ಉಡುಪು ಒಯ್ಯಲು ಬಂದಳು. ವಿಷಯ ಕೇಳಿ ನಾಯಿಯ ಕಿವಿ, ಹಲ್ಲು, ಹೊಟ್ಟೆ ಮುಟ್ಟಿ ನೋಡಿದಳು. ನೋವಿದ್ದರೂ ನಾಯಿ ಹೀಗೆ ಬೊಗಳುವುದುಂಟಂತೆ. ಅಷ್ಟರಲ್ಲಿ ಇನ್ನಿಬ್ಬರು ಗಿರಾಕಿಗಳು ಬಂದು ಹೋದರು; ಅವರಿಗೂ ರೊಟ್ಟಿ, ಬೊಗಳುತ್ತಿದ್ದ ಮೊಂಚೊಕ್‌ಗೂ ಒಂದು ಚೂರು. ಕನೀಶಾಯ್ ಎಲ್ಲವನ್ನೂ ನೋಡುತ್ತ ಕೂತು, ಕೊನೆಗೆ ನಕ್ಕಳು.

"ಅಕ್ಕಾ, ಇವಳಿಗೆ ಕಾಯಿಲೆ ಏನಿಲ್ಲ. ಇವಳು ಕೆಲಸ ಮಾಡ್ತಿದಾಳೆ, ನೀವು ಸಂಬಳ ಕೊಡ್ತಿದೀರಿ."

"ನಾನೆಲ್ಲಿ ಕೊಟ್ಟೆ?"

"ಬೊಗಳ್ತಾ ಇರೋವಾಗ್ಲೇ ರೊಟ್ಟಿ ಹಾಕಿದ್ರಲ್ಲ. ಬೊಗಳಿದ್ದಕ್ಕೇ ಸಿಕ್ತು ಅಂದ್ಕೊಂಡಿದಾಳೆ."

"ಬಾಗಿಲಲ್ಲಿ ಎಲ್ಲರ ಬಾಯೂ ಆಡೋವಾಗ ಇದೊಂದರ ಬಾಯಿ ಹೇಗಮ್ಮ ಬಿಡೋದು?"

"ಬಿಡ್ಬೇಡಿ. ಬಾಯಿ ಮುಚ್ಚಿದ ಮೇಲೆ ಕೊಡಿ, ಅಷ್ಟೇ."

ಗದರಿದರೆ ಒಡತಿಯೂ ಜೊತೆಗೆ ಬೊಗಳುತ್ತಿದ್ದಾಳೆ ಎಂದು ನಾಯಿ ತಿಳಿಯುತ್ತದೆ, ಹೊಡೆದರೆ ಹೆದರಿಕೆಗೆ ಇನ್ನಷ್ಟು ಬೊಗಳುತ್ತದೆ ಎಂದಳು ಕನೀಶಾಯ್. ಪುಟ್ಟ ನಾಯಿ, ಮನೆಯೊಳಗಿನ ಓಡಾಟವೇ ಸಾಕು ಎಂದು ನಾವು ಅಂದುಕೊಳ್ಳುತ್ತೇವೆ. ಅದೂ ದಿನಾ ಹೊರಗೆ ಸುತ್ತಾಡಬೇಕು, ನಾಲ್ಕು ವಾಸನೆ ಹಿಡಿಯಬೇಕು, ಇಲ್ಲದಿದ್ದರೆ ಬೇಸರ ಕಳೆಯಲು ಬೊಗಳುವುದೊಂದೇ ದಾರಿ. ಬಾಗಿಲಿನಿಂದ ದೂರ ಒಂದು ಕೌದಿ ಹಾಸಿ, ಯಾರಾದರೂ ಬಂದಾಗ ಅಲ್ಲಿಗೆ ಕಳಿಸಬೇಕು. ಸುಮ್ಮನಾದ ಆ ಕ್ಷಣವೇ ರೊಟ್ಟಿ. ಮೊದಮೊದಲು ಬೊಗಳು ಹೆಚ್ಚಾಗುತ್ತದೆ, ಆಗ ಸೋತು ಕೊಟ್ಟುಬಿಟ್ಟರೆ ಮಾಡಿದ್ದೆಲ್ಲ ನೀರುಪಾಲು.

ಬುರುಲ್ಸುನ್‌ಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಕೌದಿ ಹಾಸಿದಳು. ನಾಯಿಗೆ ಕಲಿಸುವುದಕ್ಕಿಂತ ತನ್ನ ಕೈಯನ್ನು ತಡೆಯುವುದೇ ಕಷ್ಟವಾಯಿತು. ಅತ್ತೆ, ಗಂಡ, ಗಿರಾಕಿ, ಯಾರು ದನಿ ಎತ್ತಿದರೂ ಮುಂದೆ ಒಂದು ತಟ್ಟೆ ಇಟ್ಟುಬಿಡುವುದು ಅವಳಿಗೆ ಗೊತ್ತಿದ್ದ ಒಂದೇ ಉಪಾಯ. ಈಗ ರೊಟ್ಟಿ ಹಿಡಿದ ಕೈಯನ್ನು ಬೆನ್ನ ಹಿಂದಿಟ್ಟುಕೊಂಡು ನಿಂತಳು. ಮೊಂಚೊಕ್ ಬೊಗಳಿತು, ಕೌದಿ ಕೆರೆಯಿತು, ಮುನಿಸಿಕೊಂಡಿತು. ಕೊನೆಗೊಮ್ಮೆ ಉಸಿರು ತೆಗೆದುಕೊಳ್ಳಲು ಸುಮ್ಮನಾಯಿತು. ಅಷ್ಟೇ ಸಾಕಾಯಿತು, ಅವಳು ಚೂರು ಕೊಟ್ಟಳು. ಗಿರಾಕಿಗಳಿಗೂ ಹೇಳಿದಳು: ಬೊಗಳುವಾಗ ಯಾರೂ ಮುದ್ದು ಮಾಡಬೇಡಿ.

ಜಪಾರ್ ನಾಯಿಯನ್ನು ಒಯ್ಯಲೆಂದೇ ಬಂದ. ಬೀಗದ ಸದ್ದಿಗೆ ಮೊಂಚೊಕ್ ಎರಡು ಸಲ ಬೊಗಳಿತು. ಓಡಿಹೋಗಿ ಕೌದಿಯ ಮೇಲೆ ಕೂತಿತು. ಅವನಿಗೆ ಅನುಮಾನ. ಮತ್ತೆ ಹೊರಗೆ ಹೋಗಿ ಬಾಗಿಲು ಬಡಿದ. ಆಗಲೂ ಅಷ್ಟೇ.

"ಇದಕ್ಕೆ ಏನು ಕುಡಿಸಿದ್ದೀಯ?" ಎಂದು ಹೆಂಡತಿಯನ್ನು ಕೇಳಿದ.

"ಏನೂ ಕುಡಿಸಲಿಲ್ಲ, ಸುಮ್ಮನಾಗೋವರೆಗೂ ಕಾದೆ. ಇವಳು ಎಲ್ಲಿಗೂ ಬರಲ್ಲ, ಜಪಾರ್." ಅಷ್ಟು ನೇರವಾಗಿ ಅವನಿಗೆ ಏನನ್ನಾದರೂ ಹೇಳಿ ಎಷ್ಟು ಕಾಲವಾಗಿತ್ತೋ. ಈ ಸಲ ಅವಳು ತಟ್ಟೆ ತರಲು ಏಳಲಿಲ್ಲ.

ಜಪಾರ್ ಹೆಂಡತಿಯನ್ನು ನೋಡಿದ, ನಾಯಿಯನ್ನು ನೋಡಿದ. ಆಮೇಲೆ ಕೌದಿಯ ಪಕ್ಕದಲ್ಲೇ ಕೂತು ಬೂಟು ಬಿಚ್ಚಿದ. "ಸಂಜೆ ಇವಳನ್ನ ಸುತ್ತಾಡಿಸೋಕೆ ನಾನೇ ಕರ್ಕೊಂಡು ಹೋಗ್ತೀನಿ" ಎಂದ.

ನಿಮ್ಮ ಮನೆಯ ಪುಟ್ಟ ನಾಯಿಯೂ ಅತಿಯಾಗಿ ಬೊಗಳುತ್ತಿದೆಯೇ? ಬೈಯಬೇಡಿ, ಹೊಡೆಯಬೇಡಿ, ಯಾರಿಗೋ ಒಪ್ಪಿಸಿಬಿಡಬೇಡಿ. ಮೊದಲು ಪಶುವೈದ್ಯರಿಗೆ ತೋರಿಸಿ. ದಿನಾ ಹೊರಗೆ ಕರೆದುಕೊಂಡು ಹೋಗಿ. ಅದು ಸುಮ್ಮನಾದಾಗ ಮೆಚ್ಚಿ ಕೊಡಿ, ಮನೆಮಂದಿಯೆಲ್ಲ ಒಂದೇ ರೀತಿ ನಡೆದುಕೊಳ್ಳಿ. ಮತ್ತೆ, ಇವತ್ತು ಅದು ಬೊಗಳಿದಾಗ ನಿಮ್ಮ ಕೈ ಏನು ಮಾಡುತ್ತಿದೆ ಎಂದು ಒಮ್ಮೆ ನೋಡಿಕೊಳ್ಳಿ.